ಶಾಲೆಯ ಬೋರ್ಡಿಗೆ ‘ದಿನ ವಿಶೇಷ’ ಬರೆಯುವುದು ಹೇಗೆ?

ಬೆಳಗ್ಗೆ ಮೊಬೈಲ್‌ನಲ್ಲಿ ಸಿಕ್ಕ ಹತ್ತು ಸಾಲನ್ನು ಹಾಗೇ ಬೋರ್ಡಿಗೆ ಇಳಿಸಿದರೆ ಯಾರೂ ಓದುವುದಿಲ್ಲ. ದಿನಕ್ಕೆ ಎರಡು ಸಂಗತಿ ಸಾಕು. ಅವೆರಡೂ ಸರಿಯಿರಬೇಕು, ಅಷ್ಟೇ.

ಮೊದಲು ದಪ್ಪನೆಯ ನೋಟ್‌ಬುಕ್ ತಗೊಳ್ಳಿ. ದಿನಕ್ಕೊಂದು ಪುಟ, ಒಟ್ಟು 366. ಫೆಬ್ರವರಿ 29 ಬಿಡಬೇಡಿ. ಮೊರಾರ್ಜಿ ದೇಸಾಯಿ ಹುಟ್ಟಿದ್ದು ಅವತ್ತೇ, 1896ರಲ್ಲಿ.

ಈಗ ಅಕ್ಟೋಬರ್ 10ರ ಪುಟ ತುಂಬೋಣ. ಶಿವರಾಮ ಕಾರಂತರು ಕೋಟದಲ್ಲಿ ಹುಟ್ಟಿದ್ದು 1902ರ ಈ ದಿನ. ಆರ್.ಕೆ. ನಾರಾಯಣ್ ಮದ್ರಾಸಿನಲ್ಲಿ ಹುಟ್ಟಿದ್ದು 1906ರಲ್ಲಿ, ಅದೇ ತಾರೀಖು. ಇಬ್ಬರಿಗೂ ‘ಖ್ಯಾತ ಸಾಹಿತಿ’ ಅಂತ ಸುಮ್ನೆ ಬರೆದರೆ ಏನೂ ತಿಳಿಯುವುದಿಲ್ಲ. ‘ಯಕ್ಷಗಾನಕ್ಕೆ ತಾವೇ ಗೆಜ್ಜೆ ಕಟ್ಟಿ ಕುಣಿದವರು’, ‘ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಕಥೆ ಬರೆದವರು’ ಅನ್ನಿ. ಮಕ್ಕಳು ನಿಂತು ಓದುತ್ತಾರೆ.

ಆಮೇಲೆ ತಾಳೆ ನೋಡುವ ಕೆಲಸ. ವಿಶ್ವೇಶ್ವರಯ್ಯನವರದ್ದು ಸೆಪ್ಟೆಂಬರ್ 15, ಅದರಲ್ಲಿ ಅನುಮಾನವಿಲ್ಲ. ವರ್ಷ ಮಾತ್ರ ಕೆಲವು ಕಡೆ 1860, ಕೆಲವು ಕಡೆ 1861. ಅಂಚೆ ಇಲಾಖೆ ಅವರ ಶತಮಾನೋತ್ಸವದ ಅಂಚೆಚೀಟಿ ತಂದದ್ದು 1960ರಲ್ಲಿ. ಇಂಥ ಕಡೆ ತಾರೀಖಷ್ಟೇ ಬರೆದು ವರ್ಷ ಬಿಟ್ಟುಬಿಡಿ. ಇನ್ನು, ಹಳೇ ತಲೆಮಾರಿನವರ ಜನ್ಮದಿನ ಜೂನ್ 1 ಅಂತಿದ್ದರೆ ನಾನು ಎರಡೆರಡು ಸಲ ನೋಡುತ್ತೇನೆ. ನಮ್ಮಪ್ಪ, ಇಬ್ಬರು ಚಿಕ್ಕಪ್ಪಂದಿರು, ಮೂವರೂ ಶಾಲೆಯ ದಾಖಲೆ ಪ್ರಕಾರ ಜೂನ್ 1ಕ್ಕೇ ಹುಟ್ಟಿದವರು! ಅಜ್ಜಿಗೆ ನೆನಪಿದ್ದದ್ದು ‘ದೊಡ್ಡ ಮಳೆ ಬಂದ ವರ್ಷ’ ಅನ್ನುವುದೊಂದೇ. ಮಿಕ್ಕಿದ್ದು ಮೇಷ್ಟ್ರು ತುಂಬಿದ್ದು.

ತಿಥಿಯ ಲೆಕ್ಕದವಕ್ಕೆ ಕಾಯಂ ಪುಟ ಕೊಡಬೇಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ. 2024ರಲ್ಲಿ ಅದು ಮೇ 10ಕ್ಕೆ ಬಂತು, 2025ರಲ್ಲಿ ಏಪ್ರಿಲ್ 30ಕ್ಕೆ. ಇಂಥವನ್ನು ನೋಟ್‌ಬುಕ್ಕಿನ ಕೊನೆಯಲ್ಲಿ ಬರೆದಿಟ್ಟು, ಯುಗಾದಿಗೆ ಹೊಸ ಪಂಚಾಂಗ ಬಂದಾಗ ಆ ವರ್ಷದ ತಾರೀಖನ್ನು ಪೆನ್ಸಿಲ್‌ನಲ್ಲಿ ಸೇರಿಸಿ.

ಹೊರದೇಶದ ಸಂಗತಿಯಾದರೆ ಗಡಿಯಾರವನ್ನೂ ನೋಡಬೇಕು. ಚಂದ್ರನ ಮೇಲೆ ಮನುಷ್ಯ ಇಳಿದದ್ದು 1969ರ ಜುಲೈ 20 ಅಂತ ಎಲ್ಲ ಕಡೆ ಇದೆ, ಅಲ್ವಾ? ಅದು ಅಮೆರಿಕದ ತಾರೀಖು. ನೌಕೆ ಇಳಿದಾಗ ನಮ್ಮಲ್ಲಿ ನಡುರಾತ್ರಿ ಕಳೆದು 1 ಗಂಟೆ 47 ನಿಮಿಷ, ಅಂದರೆ ಜುಲೈ 21. ಆರ್ಮ್‌ಸ್ಟ್ರಾಂಗ್ ಏಣಿ ಇಳಿದು ಕಾಲೂರುವಾಗ ಇಲ್ಲಿ ಸೋಮವಾರ ಬೆಳಗಿನ ಎಂಟೂವರೆ ಹತ್ತಿರ. ಮಕ್ಕಳು ಶಾಲೆಗೆ ಚೀಲ ಹುಡುಕುವ ಹೊತ್ತು. ನಾನಾದರೆ ಬೋರ್ಡಿಗೆ ಇದನ್ನೇ ಬರೆಯುತ್ತೇನೆ.

ಬರೆಯುವುದು ಹಿಂದಿನ ದಿನ ಸಂಜೆಯೇ ಆಗಲಿ. ಹೆಸರು ಬಿಳಿ ಸೀಮೆಸುಣ್ಣದಲ್ಲಿ, ವರ್ಷ ಹಳದಿಯಲ್ಲಿ. ನೀಲಿ ಬೇಡ, ದೂರಕ್ಕೆ ಕಾಣುವುದಿಲ್ಲ. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿ, ಅವತ್ತು ಹುಟ್ಟುಹಬ್ಬ ಇರುವ ಮಗುವಿನ ಹೆಸರಿಗೆ.