ಕವಳದ ಕೆಂಪಿನಲ್ಲಿ ಮರೆಯಾಗುವ ರಕ್ತ

ತೀರ್ಥಹಳ್ಳಿಯ ಆಸುಪಾಸಿನಲ್ಲಿ ಹಲ್ಲಿನ ವೈದ್ಯನಾಗಿ ಕೆಲಸ ಮಾಡುವವನಿಗೆ ಒಂದು ತೊಡಕು ಬೇಗನೆ ಅರಿವಾಗುತ್ತದೆ. ಒಸಡಿನ ರೋಗದ ಮೊದಲ ಸೂಚನೆ ಹಲ್ಲುಜ್ಜುವಾಗ ಕಾಣುವ ರಕ್ತ. ಆದರೆ ದಿನಕ್ಕೆ ಏಳೆಂಟು ಕವಳ (ಎಲೆ-ಅಡಿಕೆ) ಹಾಕುವವರ ಉಗುಳು ಹೇಗೂ ಕೆಂಪಾಗಿರುವುದರಿಂದ ಆ ರಕ್ತ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬೀಡಿ ಸೇದುವವರಲ್ಲಂತೂ ರಕ್ತ ಜಿನುಗುವುದೇ ಕಡಿಮೆ. ಹೀಗಾಗಿ ನೋವಿಲ್ಲದೆ ಬೆಳೆಯುವ ಈ ಕಾಯಿಲೆಗೆ ವೈದ್ಯರ ನೆನಪಾಗುವುದು ಹಲ್ಲು ಅಲುಗಾಡತೊಡಗಿದ ಮೇಲೆ.

ಐವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರು ಕೊಯ್ಲು ಮುಗಿಸಿಕೊಂಡು ಬಂದದ್ದೂ ಹಾಗೆಯೇ. “ಡಾಕ್ಟ್ರೇ, ಈ ಎರಡು ಹಲ್ಲು ಕಿತ್ತುಬಿಡಿ, ಊಟಕ್ಕೆ ತೊಂದರೆ ಆಗ್ತಿದೆ” ಎಂದರು. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಲ್ಲಿ ಗಾರೆ ಮೆತ್ತಿದಂತೆ ಕಿಟ್ಟ ಕಟ್ಟಿ, ಹಲ್ಲುಗಳ ನಡುವಿನ ಸಂದುಗಳೇ ಮುಚ್ಚಿಹೋಗಿದ್ದವು. ಅಳತೆಯ ಗೆರೆಗಳಿರುವ ತೆಳ್ಳನೆಯ ಪ್ರೋಬನ್ನು ಒಸಡಿನ ಅಂಚಿನಲ್ಲಿ ಇಳಿಸಿದಾಗ, 3 ಮಿಲಿಮೀಟರಿನೊಳಗೆ ನಿಲ್ಲಬೇಕಾದದ್ದು ಹಲವು ಕಡೆ 6, 7ರವರೆಗೆ ಇಳಿಯಿತು. ಹೊರತೆಗೆದ ಜಾಗದಲ್ಲೆಲ್ಲ ಕೀವು ಬೆರೆತ ರಕ್ತ ಬಂತು. ಬಾಯಿ ತೊಳೆಸಿ, ಕನ್ನಡಿ ಹಿಡಿದು ತೋರಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಇಂಥವರ ಹಲ್ಲು ಕಿತ್ತು, ಉಳಿದದ್ದನ್ನು ಕ್ಲೀನ್ ಮಾಡಿ, ಬಾಯಿ ಮುಕ್ಕಳಿಸಲು ಔಷಧ ಕೊಟ್ಟು ಕಳಿಸುತ್ತಿದ್ದೆ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುತ್ತಿದ್ದೆನೇ ಹೊರತು ಪರೀಕ್ಷೆ ಮಾಡಿಸುತ್ತಿರಲಿಲ್ಲ. ಶ್ರದ್ಧೆಯಿಂದ ಚಿಕಿತ್ಸೆ ಮಾಡಿದ ಒಸಡುಗಳೂ ಕೆಲವರಲ್ಲಿ ಮತ್ತೆ ಮತ್ತೆ ಬಾತುಕೊಂಡಾಗಲೇ ನನ್ನ ತಪ್ಪು ನನಗೆ ತಿಳಿದದ್ದು. ಈಗ ಒಸಡು ಇಷ್ಟು ಆಳಕ್ಕೆ ಬಿಟ್ಟುಕೊಂಡಿದ್ದರೆ ಮೊದಲು, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಮಾಡಿಸುತ್ತೇನೆ. ತಮಗೆ ಸಕ್ಕರೆಯೇ ಇಲ್ಲವೆಂದು ನಂಬಿದ್ದ ಈ ಬೆಳೆಗಾರರದು 9.1 ಬಂತು.

ಈ ಎರಡು ಕಾಯಿಲೆಗಳು ಒಂದನ್ನೊಂದು ಬೆಳೆಸುತ್ತವೆ. ಸಕ್ಕರೆ ಏರಿದ ದೇಹದಲ್ಲಿ ಸೋಂಕನ್ನು ತಡೆಯುವ ಶಕ್ತಿ ಕುಂದಿ ಒಸಡು ಬೇಗ ಹಾಳಾಗುತ್ತದೆ. ಒಸಡಿನ ಉರಿಯೂತದಿಂದ ರಕ್ತಕ್ಕೆ ಸೇರುವ ರಾಸಾಯನಿಕಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಒಸಡಿಗೆ ಸರಿಯಾಗಿ ಚಿಕಿತ್ಸೆಯಾದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆಂಬುದು ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಕಂಡ ಸಂಗತಿ. ಹೃದ್ರೋಗದ ಮಾತು ಬೇರೆ. ಒಸಡಿನ ರೋಗವಿರುವವರಲ್ಲಿ ಅದು ಹೆಚ್ಚಾಗಿ ಕಾಣುತ್ತದೆಯಾದರೂ, ಒಸಡನ್ನು ಗುಣಪಡಿಸಿದರೆ ಹೃದಯಾಘಾತ ತಪ್ಪುತ್ತದೆಂದು ಇನ್ನೂ ಸಾಬೀತಾಗಿಲ್ಲ. ಆ ಹೆದರಿಕೆ ಹುಟ್ಟಿಸಿ ರೋಗಿಯನ್ನು ಕುರ್ಚಿಯಲ್ಲಿ ಕೂರಿಸುವುದು ನನಗೆ ಒಪ್ಪಿತವಲ್ಲ.

ಸಕ್ಕರೆಗೆ ವೈದ್ಯರಿಂದ ಮಾತ್ರೆ ಆರಂಭಿಸಿದ ಮೇಲೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಂದು ವಾರ ಬಾಯಿಯ ಬಲಭಾಗ, ಮುಂದಿನ ವಾರ ಎಡಭಾಗ ಎಂದು ಬೇರಿನವರೆಗೂ ಕಿಟ್ಟ ತೆಗೆದೆ. ಒಸಡಿನ ಒಳಗಿನ ಕಿಟ್ಟ ಕಪ್ಪಗೆ, ಗಟ್ಟಿಯಾಗಿ, ಬೇರಿಗೆ ಕಚ್ಚಿಕೊಂಡಿರುತ್ತದೆ. ಅದು ಎದ್ದು ಬಂದು ಉಪಕರಣ ನುಣುಪಾಗಿ ಜಾರುವುದು ಬೆರಳಿಗೆ ತಿಳಿಯುವವರೆಗೂ ಕೈ ಬಿಡಬಾರದು. “ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತಂತೆ” ಎಂದು ಅವರ ಹೆಂಡತಿ ಆತಂಕಪಟ್ಟರು. ಮೂಳೆ ಮೊದಲೇ ಸವೆದಿರುತ್ತದೆ, ಕಿಟ್ಟ ಹೋಗಿ ಬಾವು ಇಳಿದಾಗ ಸಂದುಗಳು ಕಣ್ಣಿಗೆ ಕಾಣುತ್ತವೆ, ಅಷ್ಟೇ ಎಂದು ಎಕ್ಸ್‌ರೇ ಹಿಡಿದು ವಿವರಿಸಿದೆ. ಹೋದ ಮೂಳೆ ಈ ಚಿಕಿತ್ಸೆಯಿಂದ ಮತ್ತೆ ಮೊದಲಿನಂತೆ ತುಂಬುವುದಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಹೊಗೆಸೊಪ್ಪು ಬೆರೆಸದಿದ್ದರೂ ಅಡಿಕೆಯೊಂದೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು, ಅಡಿಕೆಯನ್ನೇ ನಂಬಿ ಬದುಕುವವರೆದುರು ಹೇಳುವುದು ಕಷ್ಟ, ಆದರೂ ಹೇಳಿದೆ.

ಮೂರು ತಿಂಗಳ ನಂತರ ಎಚ್‌ಬಿಎ1ಸಿ 7.4 ಇತ್ತು, ಆ ಇಳಿಕೆಯಲ್ಲಿ ದೊಡ್ಡ ಪಾಲು ಮಾತ್ರೆಯದೇ. ಒಸಡು ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಹಲ್ಲಿಗೆ ಅಂಟಿಕೊಂಡಿತ್ತು, ಹೆಚ್ಚಿನ ಕಡೆ ಪ್ರೋಬ್ 4ಕ್ಕೆ ನಿಂತಿತು. ಕೀಳಿ ಎಂದಿದ್ದ ಎರಡು ಹಲ್ಲುಗಳಲ್ಲಿ ಒಂದು ಉಳಿಯಿತು. ಅವರು ಈಗ ಕವಳ ಬಿಟ್ಟು, ಸಂದುಗಳಿಗೆಂದೇ ಇರುವ ಸಣ್ಣ ಬ್ರಷ್ಷನ್ನು ರಾತ್ರಿ ತಪ್ಪದೆ ಬಳಸುತ್ತಾರೆ. ಮೇಲಿನ ಕೊನೆಯ ದವಡೆ ಹಲ್ಲಿನ ಹಿಂಬದಿಗೆ ಮಾತ್ರ ಆ ಬ್ರಷ್ ತಲುಪುತ್ತಿಲ್ಲ, ಅಲ್ಲಿ ಇನ್ನೂ 5 ಇದೆ. ಮೂರು ತಿಂಗಳಿಗೊಮ್ಮೆ ಬಂದಾಗ ಅದನ್ನು ನಾನೇ ಶುಚಿಗೊಳಿಸುತ್ತಿದ್ದೇನೆ.