ಬಯಲು ವಾಲಿಬಾಲ್ ಕೋರ್ಟಿನಲ್ಲಿ ಯಾವ ಸರ್ವ್ ಹೊಡೀಬೇಕು?

ವಿಜಯಪುರದ ಕಡೆ ಹಳ್ಳಿ ಟೂರ್ನಮೆಂಟ್ ಅಂದರೆ ಹೆಚ್ಚಾಗಿ ಬಯಲೇ. ಹಾಗಾಗಿ ಹುಡುಗರೇ, ಸರ್ವ್ ಆರಿಸುವ ಮೊದಲು ಗಾಳಿ ನೋಡಿ. ಒಂದು ಹಿಡಿ ಮಣ್ಣು ಮೇಲಿಂದ ಬಿಟ್ಟರೆ ಗೊತ್ತಾಗುತ್ತದೆ.

ಎದುರು ಗಾಳಿ ಇದ್ದರೆ ಫ್ಲೋಟ್ ಸರ್ವ್. ಟಾಸ್, ಅಂದರೆ ಹೊಡೆಯುವ ಮೊದಲು ಚೆಂಡು ಮೇಲೆಸೆಯೋದು, ಗಿಡ್ಡ ಇರಲಿ. ಮಣಿಕಟ್ಟು ಬಿಗಿ ಹಿಡಿದು, ಅಂಗೈಯ ಬುಡದಿಂದ ಚೆಂಡಿನ ನಟ್ಟನಡುವೆ ಒಂದೇ ಏಟು. ಹೊಡೆದ ಕೂಡಲೇ ಕೈ ನಿಲ್ಲಿಸಿ. ಚೆಂಡು ತಿರುಗಬಾರದು, ಗುಟ್ಟು ಇರೋದೇ ಅಲ್ಲಿ. ತಿರುಗದ ಚೆಂಡು ಅತ್ತಿತ್ತ ಓಲಾಡುತ್ತದೆ, ರಿಸೀವರ್ ಕೈ ಜೋಡಿಸುವಷ್ಟರಲ್ಲಿ ದಾರಿ ಬದಲಿಸಿರುತ್ತದೆ. ಬೆನ್ನ ಹಿಂದೆ ಗಾಳಿ ಇದ್ದರೆ ಇದೇ ಸರ್ವ್ ಗೆರೆ ದಾಟಿ ಹೋಗಬಹುದು. ಆಗ ಟಾಪ್‌ಸ್ಪಿನ್ ಹೊಡೆಯಿರಿ, ಅಂದರೆ ಚೆಂಡು ಮುಂದಕ್ಕೆ ತಿರುಗುವ ಹಾಗೆ; ಚೆಂಡು ಬೇಗ ಕೆಳಗಿಳಿಯುತ್ತದೆ.

ಜಂಪ್ ಸರ್ವ್ ಅಂದರೆ ಎಲ್ಲರಿಗೂ ಆಸೆ, ಅಲ್ವಾ? ಟಾಸ್ ಪ್ರತಿ ಸಲ ಒಂದೇ ಕಡೆ ಬೀಳದಿದ್ದರೆ ಮ್ಯಾಚ್‌ನಲ್ಲಿ ಬೇಡ. 23-23 ಇದ್ದಾಗ ಸರ್ವ್ ನೆಟ್‌ಗೆ ಹೋದರೆ ಸುಮ್ನೆ ಪಾಯಿಂಟ್ ಕೊಟ್ಟಂತೆ.

ಜೋರಿಗಿಂತ ಜಾಗ ಮುಖ್ಯ. ಇಬ್ಬರು ರಿಸೀವರ್‌ಗಳ ನಡುವೆ ಹಾಕಿ. ಇಲ್ಲಾಂದ್ರೆ ಆಗಷ್ಟೇ ಬದಲಿಯಾಗಿ ಒಳಬಂದವನ ಮೇಲೆ ಹಾಕಿ, ಅವನ ಕೈ ಇನ್ನೂ ಕಾದಿರುವುದಿಲ್ಲ. ಅಂಪೈರ್ ಸಿಳ್ಳೆ ಊದಿದ ಮೇಲೆ 8 ಸೆಕೆಂಡು ಇರುತ್ತದೆ. ಧೂಳೆದ್ದಿದ್ದರೆ ಅಷ್ಟೂ ಹೊತ್ತು ಬಳಸಿಕೊಳ್ಳಿ, ಅವಸರ ಬೇಡ.