ಬುದ್ಧಿ ಹೇಳದೆ ಕೂತು ಕೇಳುವ ಕೆಲಸ

ನನ್ನ ಹತ್ತಿರ ಬರುವ ಹೆಚ್ಚಿನವರು ಕೂತ ಸ್ವಲ್ಪ ಹೊತ್ತಿಗೇ ಕೇಳುವುದು ಒಂದೇ: "ಈಗ ನಾನು ಏನು ಮಾಡ್ಬೇಕು ಹೇಳಿ ಮೇಡಂ." ಅಪ್ಪ ಅಮ್ಮ ಮಕ್ಕಳನ್ನು ಕರೆತಂದರೆ "ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಅಂತಾರೆ. ಬಸವನಗುಡಿಯ ಒಂದು ಸಣ್ಣ ಕೋಣೆಯಲ್ಲಿ ವರ್ಷಗಳಿಂದ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ಬುದ್ಧಿ ಹೇಳದೆ ಈ ಕೆಲಸ ಮಾಡುವುದು ಹೇಗೆ ಅನ್ನುವುದೇ ನನ್ನ ಕಲಿಕೆಯ ದೊಡ್ಡ ಭಾಗ.

ನಾನು ನಂಬಿರುವುದು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರ ದಾರಿಯನ್ನು. ಅವರ ಕಾಲದಲ್ಲಿ ಅಮೆರಿಕದ ಮನೋವಿಜ್ಞಾನದಲ್ಲಿ ಎರಡು ದೊಡ್ಡ ಪಂಗಡಗಳಿದ್ದವು. ಒಳಗೆ ಅದುಮಿಟ್ಟ ಆಸೆಗಳೇ ಮನುಷ್ಯನನ್ನು ನಡೆಸುತ್ತವೆ ಅನ್ನುವ ಫ್ರಾಯ್ಡ್ ಪಂಗಡ ಒಂದು. ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ನೋಡೋಣ ಅನ್ನುವವರದು ಇನ್ನೊಂದು. ಮಾಸ್ಲೊ, ರೋಜರ್ಸ್, ರೋಲೊ ಮೇ ಮುಂತಾದವರಿಗೆ ಎರಡರಲ್ಲೂ ಇಡೀ ಮನುಷ್ಯ ಕಾಣಲಿಲ್ಲ. ಅವರು ಹಿಡಿದ ದಾರಿಗೆ, ಅಂದರೆ ಮಾನವತಾವಾದಿ ಮನೋವಿಜ್ಞಾನಕ್ಕೆ, 'ಮೂರನೇ ಶಕ್ತಿ' ಅಂತಲೇ ಹೆಸರು ಬಿತ್ತು. 1961ರಲ್ಲಿ ಅದಕ್ಕೊಂದು ಪತ್ರಿಕೆಯೂ ಶುರುವಾಯಿತು.

ರೋಜರ್ಸ್ ಕಾಲೇಜಿಗೆ ಸೇರಿದ್ದು ಕೃಷಿ ಓದಲು. ಹುಡುಗನಾಗಿದ್ದಾಗ, ಮನೆಯ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆ ಇಟ್ಟ ಆಲೂಗಡ್ಡೆಗಳು ಸಣ್ಣ ಕಿಟಕಿಯ ಬೆಳಕಿನ ಕಡೆಗೆ ಬಿಳಿಚಿದ ಮೊಳಕೆ ಚಾಚುವುದನ್ನು ನೋಡಿದ್ದರಂತೆ. ಹಾಗೆಯೇ ಎಂಥ ಕಷ್ಟದಲ್ಲೂ ಮನುಷ್ಯನ ಒಳಗೆ ಬೆಳೆಯುವ ತುಡಿತ ಇದ್ದೇ ಇರುತ್ತದೆ ಅನ್ನುವುದು ಅವರ ನಂಬಿಕೆ. 1957ರಲ್ಲಿ ಬರೆದ ಒಂದು ಲೇಖನದಲ್ಲಿ, ಬದಲಾವಣೆ ಆಗಲು ಬೇಕಾದ ಆರು ಸಂಗತಿಗಳನ್ನು ಹೇಳಿದರು. ಅದರಲ್ಲಿ ಮೂರು ನಮ್ಮಂಥವರ ಪಾಲಿನವು: ನಾಟಕ ಆಡದೆ ಇರುವುದು, ಷರತ್ತಿಲ್ಲದೆ ಆದರಿಸುವುದು, ಎದುರಿಗಿರುವವರ ಒಳಗನ್ನು ಅವರ ಕಣ್ಣಿಂದಲೇ ನೋಡುವುದು. ಓದಲು ಸುಲಭ. ಕೋಣೆಯಲ್ಲಿ ಮಾಡುವುದು ಬೇರೆಯೇ.

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದ ಹುಡುಗ. ತಾಯಿ ಕರೆತಂದಿದ್ದರು. ಜೀವಕ್ಕೆ ಅಪಾಯ ಇಲ್ಲದಿದ್ದರೆ ಅವನು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ ಅಂತ ಇಬ್ಬರಿಗೂ ಒಟ್ಟಿಗೇ ಹೇಳಿದೆ. ತಾಯಿ ಹೊರಗೆ ಹೋದ ಮೇಲೆ ಅವನು, "ನಂಗೇನೂ ಆಗಿಲ್ಲ. ಸುಮ್ನೆ ಕರ್ಕೊಂಡು ಬಂದಿದ್ದಾರೆ" ಅಂದ.

"ನಿಮಗೆ ಬರೋಕೆ ಇಷ್ಟ ಇರ್ಲಿಲ್ಲ. ಅಮ್ಮನಿಗೋಸ್ಕರ ಬಂದ್ರಿ."

ಅಷ್ಟೇ ಅಂದೆ. ಆಮೇಲೆ ಬಹಳ ಹೊತ್ತು ಮಾತಿಲ್ಲ. ಆ ಮೌನವನ್ನು ಪ್ರಶ್ನೆ ಹಾಕಿ ತುಂಬಬಾರದು. ಅದರಲ್ಲೂ ಯಾಕೆ ಬಿಟ್ರಿ, ಯಾಕೆ ಹೀಗೆ ಅಂತ ಕೇಳಿದರೆ ಜನ ಸಮಜಾಯಿಷಿ ಕೊಡಲು ಶುರು ಮಾಡುತ್ತಾರೆ. ಮನೆಯಲ್ಲಿ ಅದನ್ನೇ ಕೊಟ್ಟು ಕೊಟ್ಟು ಸಾಕಾಗಿರುತ್ತದೆ ಅಲ್ವಾ? ಕೊನೆಗೆ ಅವನೇ ಹೇಳಿದ: ಮನೆಯಲ್ಲಿ ಕಾಲೇಜಿನ ಮಾತು ಬಂದರೆ ಎದೆ ಮೇಲೆ ಏನೋ ಕೂತ ಹಾಗಾಗುತ್ತದೆ.

ನಾನು ಅದಕ್ಕೆ ಆತಂಕ ಅಂತ ಹೆಸರು ಕೊಡಲಿಲ್ಲ. "ಅದು ಈಗಲೂ ಇದೆಯಾ? ಸ್ವಲ್ಪ ಹೊತ್ತು ಅದನ್ನೇ ಗಮನಿಸೋಣ್ವಾ?" ಅಂದೆ. ಇದನ್ನು ಕಲಿತದ್ದು ಯೂಜೀನ್ ಜೆಂಡ್ಲಿನ್ ಅವರಿಂದ. ಷಿಕಾಗೋದಲ್ಲಿ ರೋಜರ್ಸ್ ಜೊತೆ ಕೆಲಸ ಮಾಡಿದವರು ಅವರು. ಥೆರಪಿಯ ಧ್ವನಿಮುದ್ರಣಗಳನ್ನು ಕೇಳಿ ಅವರ ತಂಡ ಕಂಡುಕೊಂಡದ್ದು ಇದು: ಲಾಭ ಆಗುತ್ತಿದ್ದವರು ಪಟಪಟ ಮಾತಾಡುತ್ತಿದ್ದವರಲ್ಲ. ಮೈಯೊಳಗೆ ಅಸ್ಪಷ್ಟವಾಗಿ ಅನಿಸುತ್ತಿದ್ದುದರ ಹತ್ತಿರ ನಿಂತು, ತಡವರಿಸಿ, ಮಾತು ಹುಡುಕುತ್ತಿದ್ದವರು. ನಮ್ಮ ಜನರಿಗೆ ಇದು ಹೊಸದಲ್ಲ. ಹೊಟ್ಟೆಯಲ್ಲಿ ಸಂಕಟ, ಗಂಟಲು ಕಟ್ಟಿತು, ಎದೆ ಭಾರ ಅಂತ ತಾವಾಗಿಯೇ ಹೇಳುತ್ತಾರೆ. ನಾನು ಅವಸರ ಮಾಡದಿದ್ದರೆ ಸಾಕು.

ಹುಡುಗ ಕಣ್ಣು ಮುಚ್ಚಿಕೊಂಡು ಕೂತ. "ಭಯ ಅಲ್ಲ... ಅಪ್ಪ ಸಾಲ ಮಾಡಿ ಸೀಟು ಕೊಡ್ಸಿದ್ದು. ಅವರ ಮುಖ ನೋಡೋಕೆ ಆಗಲ್ಲ." ಸೋಮಾರಿ ಅಂತ ಮನೆಯವರು ತಿಳಿದಿದ್ದವನ ಒಳಗೆ ಇದ್ದದ್ದು ನಾಚಿಕೆ. ಕಾಲೇಜಿಗೆ ವಾಪಸ್ ಹೋಗುವ ಮಾತು ಎಷ್ಟೋ ವಾರ ಬರಲೇ ಇಲ್ಲ. ಬಂದಾಗ ತಂದವನು ಅವನೇ.

ಷರತ್ತಿಲ್ಲದ ಆದರ ಅಂದರೆ ಎಲ್ಲಕ್ಕೂ ಹೂಂ ಅನ್ನುವುದಲ್ಲ. ಮಗಳು ಬೇರೆ ಜಾತಿಯವನನ್ನು ಮದುವೆ ಆಗುತ್ತಾಳೆ ಅಂತ ಕುದಿಯುತ್ತಿದ್ದ ತಂದೆಯೊಬ್ಬರು, "ನಾನು ಹೇಳ್ತಿರೋದು ಸರಿ ಅಲ್ವಾ?" ಅಂತ ನೇರವಾಗಿ ಕೇಳಿದರು. "ಜಾತಿ ಕಾರಣಕ್ಕೆ ಬೇಡ ಅನ್ನೋದು ನನಗೆ ಒಪ್ಪಿಗೆ ಇಲ್ಲ ಸರ್. ಆದ್ರೆ ಮಗಳು ಕೈ ತಪ್ಪಿ ಹೋಗ್ತಾಳೆ ಅನ್ನೋ ನಿಮ್ಮ ಭಯ ನನಗೆ ಕಾಣಿಸ್ತಿದೆ" ಅಂದೆ. ಅವರು ಎದ್ದು ಹೋಗಲಿಲ್ಲ. ಆವತ್ತು ಉಳಿದ ಹೊತ್ತೆಲ್ಲ ಆ ಭಯದ ಬಗ್ಗೆಯೇ ಮಾತಾಡಿದರು. ಅಲ್ಲಿ ನಾನು ತಲೆಯಾಡಿಸಿ ಸುಮ್ಮನಿದ್ದಿದ್ದರೆ ಅದು ನಾಟಕ ಆಗುತ್ತಿತ್ತು.

ಅಭ್ಯಾಸಕ್ಕೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ರೆಕಾರ್ಡಿಂಗ್. ರೋಜರ್ಸ್ 1940ರ ದಶಕದ ಶುರುವಿನಲ್ಲೇ ಥೆರಪಿಯ ಮಾತುಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ದಾಖಲಿಸಿದ್ದರು. ಮುಚ್ಚಿದ ಬಾಗಿಲ ಹಿಂದೆ ಏನು ನಡೆಯುತ್ತದೆ ಅನ್ನುವುದನ್ನು ಪರೀಕ್ಷೆಗೆ ಒಡ್ಡಿದ ಧೈರ್ಯ ಅದು. ನಾನು ಲಿಖಿತ ಒಪ್ಪಿಗೆ ಪಡೆದು ಫೋನಿನಲ್ಲಿ ಮಾಡಿಕೊಳ್ಳುತ್ತೇನೆ, ಕೇಳಿ ಅಳಿಸುತ್ತೇನೆ. ಕೇಳುವಾಗ ನೋಡುವುದು ಇಷ್ಟೇ: ನನ್ನ ಮಾತಿನ ನಂತರ ಅವರು ಇನ್ನೂ ಒಳಗೆ ಹೋದರಾ, ಅಥವಾ ನನಗೆ ಉತ್ತರ ಕೊಡಲು ಹೊರಗೆ ಬಂದರಾ?

ರೋಜರ್ಸ್ ಹೇಳಿದ ಆ ಮೂರು ಗುಣಗಳಿದ್ದರೆ ಎಲ್ಲರಿಗೂ ಸಾಕು ಅಂತ ನಾನು ಹೇಳುವುದಿಲ್ಲ. ಪ್ಯಾನಿಕ್ ಆಗುವವರಿಗೆ ಸಿಬಿಟಿಯ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳುವ ಥೆರಪಿಯ, ಅಭ್ಯಾಸಗಳನ್ನೂ ಕಲಿಸುತ್ತೇನೆ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳುತ್ತೇನೆ. ಇದ್ದರೆ ಮನೆಯವರನ್ನು ಜೊತೆ ಮಾಡಿಕೊಂಡು ನಿಮ್ಹಾನ್ಸ್‌ಗೆ ಕಳಿಸುತ್ತೇನೆ, ರಾತ್ರಿ ಹೊತ್ತಿಗೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡುತ್ತೇನೆ.

ಕುಡಿತದ ತೊಂದರೆ ಇರುವವರ ಜೊತೆ ಮಾತ್ರ ರೋಜರ್ಸ್ ಅವರ ಪ್ರಭಾವದಲ್ಲೇ ಹುಟ್ಟಿದ ಇನ್ನೊಂದು ವಿಧಾನ ಬಳಸುತ್ತೇನೆ. ವಿಲಿಯಂ ಮಿಲ್ಲರ್ 1983ರಲ್ಲಿ ಬರೆದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅದು. ಬಿಡಿ ಬಿಡಿ ಅಂತ ನಾವು ವಾದಿಸಿದಷ್ಟೂ ಅವರು ಕುಡಿತದ ಪರವಾಗಿ ವಾದಿಸುತ್ತಾರೆ. ಅದರ ಬದಲು, ಬಿಟ್ಟರೆ ಏನು ಒಳ್ಳೆಯದಾಗಬಹುದು ಅಂತ ಅವರ ಬಾಯಲ್ಲೇ ಬರುವವರೆಗೆ ಕೇಳುತ್ತೇನೆ. "ಮಗಳು ಮತ್ತೆ ಫೋನ್ ಮಾಡಬಹುದು" ಅಂತ ಒಬ್ಬರು ಅಂದರು. ಬಿಡುತ್ತೇನೆ ಅಂತ ಹೇಳಿದ ಮೇಲೆ ಅವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದಕ್ಕೆ ಔಷಧಿ ಬೇಕು. ನಮ್ಮ ಮಾತು ಅದರ ಜೊತೆಗೇ ಮುಂದುವರಿಯಿತು.